ಹಸಿರು ಕಂಪನಿಯೂ ಕೊಸರಿನ ಮೇಕೆಗಳೂ

ಕೊಸರು ಕೇಳದೆ ಮುಗಿದ ವ್ಯಾಪಾರವನ್ನು ನಾನು ವ್ಯಾಪಾರವೆಂದು ಒಪ್ಪುವುದಿಲ್ಲ. ಸೊಪ್ಪು ಕೊಂಡರೆ ಮೇಲೊಂದು ಹಿಡಿ ಕರಿಬೇವು, ಪಂಚೆ ಕೊಂಡರೆ ಮೇಲೊಂದು ಕರವಸ್ತ್ರ, ಕಡೆಗೆ ಮೊಳೆ ಕೊಂಡರೂ ಮೇಲೆರಡು ಮೊಳೆ. ಕೊಡುವವನು ಮೊದಲು ಗೊಣಗುತ್ತಾನೆ, ಆಮೇಲೆ ಕೊಡುತ್ತಾನೆ. ಗೊಣಗುವ ಹೊತ್ತಿನಲ್ಲಿ ನಾವು ಆಕಾಶ ನೋಡುತ್ತಾ ನಿಂತಿರಬೇಕು, ಅಷ್ಟೇ. ಓದುಗರೂ ಇದನ್ನು ಪಾಲಿಸಬಹುದು. ಸಲಹೆಗೆ ನಾನು ಶುಲ್ಕ ತೆಗೆದುಕೊಳ್ಳುವುದಿಲ್ಲ.

ಈ ಸಿದ್ಧಾಂತದ ಬಲದಿಂದಲೇ ನಾನು ಚಿತ್ರದುರ್ಗದಲ್ಲಿ ಒಂದು ಸಾಫ್ಟ್‌ವೇರ್ ಕಂಪನಿ ಕಟ್ಟಿದೆ. ನಗಬೇಡಿ. ತಕ್ಕಡಿ ರಿಪೇರಿ ಮಾಡುತ್ತಿದ್ದವನು ನಾನು. ತಕ್ಕಡಿಗಳು ಎಲೆಕ್ಟ್ರಾನಿಕ್ ಆದಾಗ ಅದನ್ನು ಕಲಿತೆ. ತಕ್ಕಡಿಗೆ ಕಂಪ್ಯೂಟರ್ ಜೋಡಿಸುವ ಕಾಲ ಬಂದಾಗ ಅದನ್ನು ಬಲ್ಲವರನ್ನು ಕೆಲಸಕ್ಕಿಟ್ಟುಕೊಂಡೆ. ಈಗ ಹೊಳಲ್ಕೆರೆ ರಸ್ತೆಯಲ್ಲಿ ಸ್ವಂತ ಕಟ್ಟಡ, ಒಳಗೆ ಹನ್ನೊಂದು ಜನ, ಬಾಗಿಲಲ್ಲಿ ನನ್ನ ಹೆಸರಿನ ಫಲಕ: ತಿಪ್ಪೇಸ್ವಾಮಿ, ಮಾಲೀಕರು. ಭೀಮಸಮುದ್ರದ ಅಡಿಕೆ ವ್ಯಾಪಾರಿಗಳು ಚೀಲ ತೂಕಕ್ಕಿಟ್ಟ ಕೂಡಲೇ ಬಿಲ್ಲು ಹೊರಗೆ ಬರುತ್ತದಲ್ಲ, ಆ ಸಾಫ್ಟ್‌ವೇರ್ ನಮ್ಮದೇ. ಬೆಂಗಳೂರಿನ ಒಂದು ದೊಡ್ಡ ಸಂಸ್ಥೆಯೂ ತನ್ನ ಗೋದಾಮುಗಳ ತೂಕದ ಲೆಕ್ಕವನ್ನು ನಮಗೆ ವಹಿಸಿತ್ತು. ಹೇಳಬೇಕೆಂದರೆ ನಮ್ಮೆಲ್ಲರ ಅನ್ನ ಬೇಯುತ್ತಿದ್ದ ದೊಡ್ಡ ಪಾತ್ರೆ ಅದೇ.

ಆ ಪಾತ್ರೆಯಿಂದ ಒಂದು ದಿನ ಮೇಲ್ ಬಂತು. ಇನ್ನು ಮುಂದೆ ಪರಿಸರಕ್ಕೆ ಹೊರೆಯಾಗದಂತೆ ಕೆಲಸ ಮಾಡುವ ಸಾಫ್ಟ್‌ವೇರ್ ಕಂಪನಿಗಳ ಜೊತೆ ಮಾತ್ರ ಅವರ ವ್ಯವಹಾರವಂತೆ. ಬರುವ ಗುರುವಾರ ಅವರ ಮಹಿಳಾ ಅಧಿಕಾರಿಯೊಬ್ಬರು ಖುದ್ದಾಗಿ ಬಂದು ನಮ್ಮ ಕಚೇರಿ ನೋಡುತ್ತಾರಂತೆ. ಅವರಿಗೆ ಒಪ್ಪಿಗೆಯಾದರೆ ಕರಾರು ಮುಂದುವರಿಯುತ್ತದಂತೆ.

ಒಪ್ಪಿಗೆಯಾಗದಿದ್ದರೆ? ಅದನ್ನು ಅವರು ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಆ ಕರಾರು ಹೋದರೆ ಹನ್ನೊಂದು ಜನರಲ್ಲಿ ಅರ್ಧ ಜನರನ್ನು ನಾನು ಮನೆಗೆ ಕಳಿಸಬೇಕಾಗಿತ್ತು. ಯಾರು ಯಾರನ್ನು ಎಂದು ಯೋಚಿಸುತ್ತಾ ಎದುರಿಗಿದ್ದವರ ಮುಖಗಳನ್ನು ನೋಡಿದೆ. ಅವರೂ ನನ್ನನ್ನೇ ನೋಡುತ್ತಿದ್ದರು!

ಮೊದಲು ಬಾಯಿ ಬಿಟ್ಟವಳು ಶೈಲಜಾ. ಹೊಳಲ್ಕೆರೆಯಿಂದ ದಿನಾ ಬಸ್ಸಿನಲ್ಲಿ ಬರುವ ನಮ್ಮ ಹಿರಿಯ ಎಂಜಿನಿಯರ್.

"ಸರ್, ಇದ್ರಾಗೆ ಹೆದರೋಂಥದ್ದು ಏನೈತೆ? ಒಳಗಿನ ರೂಮಿನಾಗೆ ಆರು ಸರ್ವರ್ ಅವೆ. ಹಗಲೂ ರಾತ್ರಿ ಓಡ್ತವೆ. ನಿಜವಾಗಿ ಕೆಲ್ಸ ಇರೋದು ಎರಡಕ್ಕೆ. ಉಳಿದ ನಾಕು ಸುಮ್ನೆ ಕರೆಂಟ್ ತಿಂತಾವೆ. ಅವು ಬಿಸಿ ಆಗ್ತವೆ ಅಂತ ಎಸಿ ಬೇರೆ ಹಾಕೀವಿ. ನಾಕನ್ನೂ ಆಫ್ ಮಾಡಾಣ."

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. "ಅವು ಕೊಸರಿಗೆ ಬಂದವು ಕಣಮ್ಮ!"

ಇದನ್ನು ಸ್ವಲ್ಪ ವಿವರಿಸಬೇಕು. ಊರಿನಲ್ಲಿ ಮುಚ್ಚಿಹೋದ ಕಚೇರಿಯೊಂದರ ಸಾಮಾನು ಮಾರಾಟಕ್ಕೆ ಬಂದಿತ್ತು. ನಾನು ಎರಡು ಸರ್ವರ್ ಕೊಂಡೆ. ಚೌಕಾಸಿ ಮಾಡಿ ಮಾಡಿ, ಮಾರುವವನ ಗಂಟಲು ಒಣಗಿದ ಮೇಲೆ, "ಮೇಲೇನು ಕೊಡ್ತೀಯಪ್ಪ?" ಎಂದೆ. ಅವನು ಕೈಮುಗಿದು, ಉಳಿದಿದ್ದ ನಾಲ್ಕನ್ನೂ ಕೊಟ್ಟು ಕಳಿಸಿದ. ಎರಡಕ್ಕೆ ನಾಲ್ಕು ಕೊಸರು! ನನ್ನ ಜೀವಮಾನದ ಅತಿ ದೊಡ್ಡ ವಿಜಯವದು. ಪುಕ್ಕಟೆ ಬಂದದ್ದನ್ನು ಸುಮ್ಮನೆ ಕೂರಿಸುವುದುಂಟೆ? ಅಂದಿನಿಂದ ಆರನ್ನೂ ಓಡಿಸುತ್ತಿದ್ದೆ.

"ಏನು ಕೆಲ್ಸಕ್ಕೆ ಸರ್?" ಎಂದು ಶೈಲಜಾ ಕೇಳಿದಳು.

"ಯಾವುದಾದ್ರೂ ಇರುತ್ತೆ. ಆಫ್ ಮಾಡಿ ಯಾರದ್ದಾದ್ರೂ ತಕ್ಕಡಿ ನಿಂತ್ರೆ?"

"ನಿಲ್ಲಲ್ಲ ಸರ್. ಒಂದೇ ಲೆಕ್ಕನ ಮೂರು ಮೂರು ಕಡೆ ಇಟ್ಟು ಕಾಯ್ತಾ ಕುಂತೀವಿ. ನಮ್ಮ ಬಿಲ್ಲಿನ ಪ್ರೋಗ್ರಾಂ ಒಂದು ಚೀಲ ತೂಗಾಕೆ ವರ್ಷದ ಲೆಕ್ಕನೆಲ್ಲಾ ಓದುತ್ತೆ. ಅದನ್ನೂ ತಿದ್ದಿ ಬರೀತೀನಿ. ಕರೆಂಟೂ ಉಳೀತದೆ, ಬಿಲ್ಲೂ ಬೇಗ ಬರ್ತದೆ."

ನಾನು ಅನುಭವಸ್ಥನ ನಗೆ ನಕ್ಕೆ. "ಶೈಲಜಾ, ಗಿರಾಕಿಗೆ ಕಣ್ಣಿಗೆ ಕಾಣೋ ಸರಕು ತೋರಿಸ್ಬೇಕು. ಆಫ್ ಆಗಿರೋ ಮಿಷಿನ್ ಮುಂದೆ ನಿಲ್ಲಿಸಿ, ನೋಡ್ರಿ ಮೇಡಂ ಇಲ್ಲೇನೂ ನಡೀತಿಲ್ಲ ಅಂತ ಹೇಳಾಕಾಗುತ್ತಾ? ನಮ್ಮ ಹಿತ್ತಲಾಗೆ ಸೋಲಾರ್ ಐತಲ್ಲ!"

ಹೌದು, ಹಿತ್ತಲಿನಲ್ಲಿ ಸೋಲಾರ್ ಇತ್ತು. ಹಿರಿಯೂರಿನಲ್ಲಿ ಹೋಟೆಲ್ ಮಾಡಲು ಹೊರಟು ಮನಸ್ಸು ಬದಲಿಸಿದವನೊಬ್ಬನಿಂದ ಪ್ಯಾನಲ್‌ಗಳನ್ನು ಅಗ್ಗಕ್ಕೆ ತಂದಿದ್ದೆ. ಕೂರಿಸಲು ಬಂದ ಫಿಟ್ಟರ್, "ಸ್ಟ್ಯಾಂಡು ಎತ್ತರ ಮಾಡಾಣ ಸಾರ್, ಕೇಬಲ್‌ಗೆ ಪೈಪ್ ಹಾಕಾಣ" ಎಂದಿದ್ದ. "ಬಿಸಿಲು ಮೊಣಕಾಲೆತ್ತರಕ್ಕೂ ಬೀಳುತ್ತೆ, ಕೇಬಲ್‌ಗೆ ಟೇಪ್ ಸುತ್ತು" ಎಂದು ನಾನು ಎರಡನ್ನೂ ಉಳಿಸಿದ್ದೆ. ಈ ಎರಡು ಉಳಿತಾಯಗಳನ್ನು ಓದುಗರು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು.

ಆದರೆ ಹಿತ್ತಲಿಗೆ ಹೋಗಿ ನೋಡಿದರೆ ಪ್ಯಾನಲ್‌ಗಳೇ ಕಾಣುತ್ತಿರಲಿಲ್ಲ. ಮಳೆ ಬಂದು ಸುತ್ತಲೂ ಹುಲ್ಲು ಸೊಂಟದವರೆಗೆ ಬೆಳೆದಿತ್ತು. ಹುಲ್ಲು ಕತ್ತರಿಸುವ ಯಂತ್ರ ತರಿಸಿದರೆ ಅದು ಪೆಟ್ರೋಲಿನದು. ಹೊಗೆ ಬಿಡುತ್ತಾ ಹಸಿರು ಕಾಪಾಡುವುದು ಯಾವ ನ್ಯಾಯ? ಆಗ ರಸ್ತೆಯಲ್ಲಿ ಬ್ಯಾ ಎಂಬ ಸದ್ದು ಕೇಳಿಸಿತು. ಹರಿಯಬ್ಬೆ ಕಡೆಯ ಕುರಿಗಾರ ಜುಂಜಣ್ಣ ತನ್ನ ಮಂದೆಯನ್ನು ಹೊಡೆದುಕೊಂಡು ಹೋಗುತ್ತಿದ್ದ. ಕುರಿಗಿಂತ ಒಳ್ಳೆಯ ಯಂತ್ರ ಯಾವುದಿದೆ? ಹೊಗೆಯಿಲ್ಲ, ಸದ್ದಿಲ್ಲ, ಮೇಲಾಗಿ ಗೊಬ್ಬರ!

ಗೊಬ್ಬರವೇ ಸಮಸ್ಯೆ. ನಮ್ಮ ಕಡೆ ಕುರಿ ಮಂದೆಯನ್ನು ಹೊಲದಲ್ಲಿ ನಿಲ್ಲಿಸಿಕೊಂಡರೆ, ಗೊಬ್ಬರ ಬಿತ್ತಲ್ಲ ಎಂದು ಹೊಲದವನೇ ಕುರಿಗಾರನಿಗೆ ದುಡ್ಡು ಕೊಡಬೇಕು. ಜುಂಜಣ್ಣ ಅದನ್ನೇ ಕೇಳಿದ. ನಾನು, "ಹುಲ್ಲು ನಂದು, ನೀನೇ ನಂಗೆ ಕೊಡಬೇಕಪ್ಪ" ಎಂದೆ. ಟೀ ಅಂಗಡಿಯ ಮುಂದೆ ಅವನು ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಕೈ ಮೇಲೆ ಹೊದಿಸಿದ. ಸಂತೆಯಲ್ಲಿ ಕುರಿಯ ಬೆಲೆ ಮಾತಾಡುವಂತೆ, ಟವೆಲಿನ ಕೆಳಗೆ ಬೆರಳುಗಳು ಮಾತಾಡಿದವು. ಅವನು ಬೆರಳು ಹಿಡಿದ, ನಾನು ಬಿಡಿಸಿದೆ. ನಾನು ಹಿಡಿದೆ, ಅವನು ಜಾರಿಸಿದ. ಎರಡು ಟೀ ಆದ ಮೇಲೆ ಯಾರೂ ಯಾರಿಗೂ ಏನೂ ಕೊಡಬೇಕಿಲ್ಲ ಎಂದು ತೀರ್ಮಾನವಾಯಿತು. ಗುರುವಾರ ಬೆಳಿಗ್ಗೆ ಇಪ್ಪತ್ತು ಕುರಿ ನಮ್ಮ ಹಿತ್ತಲಿಗೆ.

ಇಲ್ಲಿಗೆ ಸುಮ್ಮನಾಗಿದ್ದರೆ ಈ ಬರಹವೇ ಹುಟ್ಟುತ್ತಿರಲಿಲ್ಲ.

"ಜುಂಜಣ್ಣ, ಕೊಸರು?"

ಅವನು ಟವೆಲ್ ಕೊಡವುತ್ತಿದ್ದವನು ನಿಂತ. "ಪುಕ್ಕಟೆಗೂ ಕೊಸರೇನ್ರಿ ಸ್ವಾಮಣ್ಣ?"

"ಇಲ್ದಿದ್ರೆ ವ್ಯಾಪಾರ ಆದಂಗೆ ಅನ್ನಿಸಲ್ಲ ಕಣಪ್ಪ. ಇಪ್ಪತ್ತರ ಮೇಲೆ ಇನ್ನೊಂದು ನಾಕು ಬಿಡು. ಹುಲ್ಲು ಬೇಗ ಮುಗೀಲಿ."

ಜುಂಜಣ್ಣ ಮೀಸೆಯ ತುದಿ ಕಡಿದುಕೊಂಡ. ನಾನು ಆಕಾಶ ನೋಡಿದೆ.

"ಆತು ಬಿಡ್ರಿ. ನಾಕು ಕೊಡ್ತೀನಿ. ಯಾವ್ವು ಅಂತ ಕೇಳಂಗಿಲ್ಲ. ಆಮ್ಯಾಕೆ ವಾಪಸ್ ಹೊಡ್ಕೊಂಡು ಹೋಗು ಅನ್ನಂಗಿಲ್ಲ."

"ಕೊಸರಿನ ಮುಖ ಯಾರು ನೋಡ್ತಾರೆ, ಬಿಡೋ ಮಾರಾಯ!"

ಗುರುವಾರ ಬೆಳಿಗ್ಗೆ ನನ್ನ ಸಿದ್ಧತೆ ಪರಿಪೂರ್ಣವಾಗಿತ್ತು. ಹುಡುಗರ ಮೇಜಿನ ಮೇಲೆಲ್ಲ ತುಳಸಿ ಗಿಡ ಇರಿಸಿದ್ದೆ. ಕೂರುವ ಕಡೆಯ ಎಸಿ ಬಂದ್. "ಇಡೀ ಕಂಪನಿ ಸೂರ್ಯನ ಮೇಲೆ ನಡೀತೈತೆ" ಎಂದು ಎದೆತಟ್ಟಿ ಹೇಳಲು, ಹಿತ್ತಲ ಗೋಡೆಯ ಮೇಲಿದ್ದ ಮೀಟರ್ ಪೆಟ್ಟಿಗೆಯ ಮೇನ್ ಸ್ವಿಚ್ಚನ್ನೇ ಕುರಿಗಳು ಬರುವ ಮೊದಲೇ ಕೆಳಗಿಳಿಸಿದ್ದೆ. ಲೈನಿನ ಕರೆಂಟು ಒಂದು ತೊಟ್ಟೂ ಒಳಗೆ ಬರುವಂತಿಲ್ಲ. "ಸರ್, ಅದೊಂದು ಬ್ಯಾಡ ಸರ್, ಸೋಲಾರ್ ಏನಾದ್ರೂ ಕೈಕೊಟ್ರೆ?" ಎಂದು ಶೈಲಜಾ ಬೇಡಿಕೊಂಡಳು. ಸೂರ್ಯ ಕೈಕೊಡುತ್ತಾನೆಯೆ?

ಅತಿಥಿಗೆಂದು ನನ್ನ ಹೆಂಡತಿ ನಾಗರತ್ನ ಮನೆಯಿಂದ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಿದ್ದಳು. ಡಬ್ಬಿ ಇಟ್ಟವಳೇ ಹಿಂದಿನ ಕಿಟಕಿಯಿಂದ ಹೊರಗೆ ನೋಡುತ್ತಾ ನಿಂತಳು.

"ರೀ, ಕುರಿಗೆ ಗಡ್ಡ ಇರ್ತದಾ?"

"ಇರಲ್ಲ. ಯಾಕೆ?"

"ಮತ್ತೆ ನಿಮ್ ಸೋಲಾರ್ ಮೇಲೆ ನಿಂತಿರೋದು ಯಾರು?"

ನಾನು ಓಡಿದೆ. ಇಪ್ಪತ್ತು ಕುರಿಗಳು ಮರ್ಯಾದೆಯಿಂದ ತಲೆ ತಗ್ಗಿಸಿ ಹುಲ್ಲು ಮೇಯುತ್ತಿದ್ದವು. ಕೊಸರಿನ ನಾಲ್ಕು ಮಾತ್ರ ಕುರಿಗಳಲ್ಲ. ಮೇಕೆಗಳು! ಮೊಣಕಾಲೆತ್ತರದ ಪ್ಯಾನಲ್‌ಗಳನ್ನು ಜೋಗಿಮಟ್ಟಿಯ ಬಂಡೆಗಳೆಂದು ತಿಳಿದು ಮೂರು ಮೇಕೆಗಳು ಹತ್ತಿ ನಿಂತಿದ್ದವು. ನಾಲ್ಕನೆಯದು ಹೋತ. ಅದರ ಕೊಂಬು ನೋಡಿದವರಿಗೆ ಅದರ ಸ್ವಭಾವ ವಿವರಿಸಬೇಕಾಗಿಲ್ಲ.

ಜುಂಜಣ್ಣನಿಗೆ ಫೋನ್ ಮಾಡಿದೆ. "ಜುಂಜಣ್ಣ, ಮೇಕೆ ಹೊಡ್ಕೊಂಡು ಹೋಗಪ್ಪ, ಜಲ್ದಿ!"

"ವಾಪಸ್ ಅನ್ನಂಗಿಲ್ಲ ಅಂತ ಮಾತಾಗೈತಲ್ಲ ಸ್ವಾಮಣ್ಣ?"

"ಮಾತು ಸಾಯ್ಲಿ, ನನ್ ಪ್ರಾಣ ಹೋಗ್ತೈತೆ!"

"ಉಳಿದ ಮಂದೆ ತಾವ ಅದೀನಿ. ಬರಾಕೆ ಹೊತ್ತಾಗುತ್ತೆ. ಹೋತದ ಎದ್ರಿಗೆ ಮಾತ್ರ ಹೋಗಬ್ಯಾಡ್ರಿ."

ಅಷ್ಟರಲ್ಲಿ ಮುಂದಿನ ಗೇಟಿನಲ್ಲಿ ಕಾರಿನ ಹಾರನ್. ಮೇಡಂ ಹೇಳಿದ್ದಕ್ಕಿಂತ ಒಂದು ಗಂಟೆ ಮೊದಲೇ ಬಂದಿದ್ದರು!

ಅವರ ಹೆಸರು ಮೀರಾ. ಕನ್ನಡಕ, ಹತ್ತಿ ಸೀರೆ, ಮಾತು ಕಡಿಮೆ. ಮಾತು ಕಡಿಮೆ ಇರುವವರ ಜೊತೆ ಚೌಕಾಸಿ ಕಷ್ಟ. ಇದು ನನ್ನ ಇನ್ನೊಂದು ಅನುಭವ. ಅವರನ್ನು ಹಿಂದಿನ ಕಿಟಕಿಗೆ ಬೆನ್ನು ಮಾಡಿ ಕೂರಿಸಿ ಪರದೆ ಎಳೆದೆ. ಕೋಣೆ ಕತ್ತಲಾಯಿತು. ದೀಪ ಹಾಕಿದೆ.

"ಹೊರಗೆ ಇಷ್ಟು ಬೆಳಕಿದೆಯಲ್ಲ, ಪರದೆ ಹಾಕಿ ದೀಪ ಯಾಕೆ?" ಎಂದರು ಮೇಡಂ.

"ಸೆಕೆ ಮೇಡಂ. ಬಿಸಿಲು ತಡೆದ್ರೆ ಎಸಿ ಬೇಕಾಗಲ್ಲ."

ಅವರು ಏನೋ ಬರೆದುಕೊಂಡರು. ಅವರ ತಲೆಯ ಹಿಂದೆ ಟಕ್, ಟಕ್ ಎಂದು ಗಾಜಿನ ಮೇಲೆ ಗೊರಸಿನ ಸದ್ದು.

"ಅದೇನು ಸದ್ದು?"

"ಪ್ಯಾನಲ್ ಮೇಡಂ. ಬಿಸಿಲಿಗೆ ಹಿಗ್ಗುತ್ತೆ."

ನಾಗರತ್ನ ಸಮಯಕ್ಕೆ ಸರಿಯಾಗಿ ಮಂಡಕ್ಕಿ ತಟ್ಟೆ ಮುಂದಿಟ್ಟಳು. "ತಗಳ್ರಿ ಮೇಡಂ, ಬಜ್ಜಿ ಬಿಸಿ ಅದಾವೆ." ಮೇಡಂ ಬಜ್ಜಿ ಕೈಗೆತ್ತಿಕೊಂಡರು. ನಾನು ಉಸಿರು ಬಿಟ್ಟೆ. ಆಗ ಹಿತ್ತಲಿನಲ್ಲಿ ಸರಕ್ಕೆಂದು ಏನೋ ಎಳೆದ ಸದ್ದಾಯಿತು. ದೀಪ ಆರಿತು. ಒಳಗಿನ ಕೋಣೆಯಿಂದ ಯುಪಿಎಸ್ ಪೀಂ, ಪೀಂ ಎಂದು ಕೂಗತೊಡಗಿತು.

ಶೈಲಜಾ ಬಾಗಿಲಲ್ಲಿ ಇಣುಕಿ ಪಿಸುಗುಟ್ಟಿದಳು. "ಸರ್, ಸೋಲಾರ್ ಲೈನ್ ಹೋತು. ಯುಪಿಎಸ್ ಬ್ಯಾಟ್ರಿ ಹಳೇದು, ಆರೂ ಮಿಷಿನ್ ಎಳೀತಾ ಅವೆ. ಹತ್ತು ನಿಮಿಷಾನೂ ತಡಿಯಲ್ಲ. ಮೇನ್ ಹಾಕ್ರಿ!"

ಎದ್ದೆ. "ಒಂದು ನಿಮಿಷ ಮೇಡಂ, ಸೂರ್ಯನ್ನ ನೋಡ್ಕೊಂಡು ಬರ್ತೀನಿ" ಎಂದೆ. ಬೇರೆ ಏನೂ ಹೊಳೆಯಲಿಲ್ಲ.

ಹಿತ್ತಲಿನಲ್ಲಿ ಒಂದು ಮೇಕೆಯ ಕಾಲಿಗೆ ಕೇಬಲ್ ಸಿಕ್ಕಿ ಜೋಡಣೆಯೇ ಕಿತ್ತುಬಂದಿತ್ತು. ಇನ್ನೊಂದು, ಪೈಪಿನ ಬದಲು ಸುತ್ತಿಸಿದ್ದ ಟೇಪನ್ನು ಬಿಚ್ಚಿ ಆಸ್ವಾದಿಸುತ್ತಿತ್ತು. ಸರಿ, ಮೇನ್ ಸ್ವಿಚ್ ಮೇಲೆತ್ತಿದರಾಯಿತು, ಮೀಟರ್ ಪೆಟ್ಟಿಗೆ ಹತ್ತು ಹೆಜ್ಜೆ ದೂರ. ಪೆಟ್ಟಿಗೆಯ ಮುಂದಿನ ನೆರಳಿನಲ್ಲಿ ಹೋತ ನಿಂತಿತ್ತು.

ನಾನು ಎಡಕ್ಕೆ ಹೋದೆ. ಅದೂ ಎಡಕ್ಕೆ ಬಂತು. ಬಲಕ್ಕೆ ಹೋದೆ. ಬಲಕ್ಕೆ ಬಂತು. ಪುಸಲಾಯಿಸಿದೆ. ಹುಲ್ಲು ತೋರಿಸಿದೆ. ಅದು ನನ್ನನ್ನು ಮೇಲಿಂದ ಕೆಳಗೆ ನೋಡಿದ ರೀತಿ, ನಾನು ಸಂತೆಯಲ್ಲಿ ಸರಕು ನೋಡುವ ರೀತಿಯೇ ಆಗಿತ್ತು. ಕೊನೆಗೆ ಧೈರ್ಯ ಮಾಡಿ ಕೈಚಾಚಿದೆ. ಆಮೇಲೆ ಏನಾಯಿತೆಂದರೆ, ನಾನು ಆಕಾಶ ನೋಡುತ್ತಾ ಮಲಗಿದ್ದೆ. ಬೆನ್ನ ಕೆಳಗೆ ಮೆತ್ತಗಿತ್ತು. ಜುಂಜಣ್ಣ ದುಡ್ಡು ಕೇಳಿದ್ದ ಗೊಬ್ಬರ, ಪುಕ್ಕಟೆ!

ಕುಂಟುತ್ತಾ ಒಳಗೆ ಬರುವಾಗ ಯುಪಿಎಸ್‌ನ ಪೀಂ ಪೀಂ ಒಂದೇ ಉದ್ದ ಪೀಂ ಆಗಿ, ನಿಂತುಹೋಯಿತು. ಸರ್ವರ್ ಕೋಣೆಯ ಗುಂಯ್‌ಗುಡುವಿಕೆ ನಿಂತಿತು. ಆ ಸದ್ದು ನಿಂತದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹನ್ನೊಂದು ಜನರೂ ಎದ್ದು ನಿಂತರು.

ಮೇಡಂ ಪರದೆ ಸರಿಸಿದರು. ಕಿಟಕಿಯಾಚೆ, ಸರಿಯಾಗಿ ಅವರ ಮುಖದ ಎದುರಿಗೆ, ಬಾಯಲ್ಲಿ ಕರಿ ಟೇಪು ಇಳಿಬಿಟ್ಟುಕೊಂಡ ಮೇಕೆ.

"ತಿಪ್ಪೇಸ್ವಾಮಿಯವರೇ," ಎಂದರು ಮೇಡಂ, "ಇದೂ ಬಿಸಿಲಿಗೆ ಹಿಗ್ಗಿದ್ದೋ?"

ಅದೇ ಹೊತ್ತಿಗೆ ಅವರ ಫೋನ್ ಬಡಿದುಕೊಂಡಿತು. ಕೇಳಿಸಿಕೊಂಡರು. ಮುಖ ಗಂಭೀರವಾಯಿತು. "ನಮ್ಮ ಗೋದಾಮುಗಳ ತೂಕ ನಿಂತಿದೆಯಂತೆ. ಲಾರಿಗಳು ಸಾಲಾಗಿ ನಿಂತಿವೆಯಂತೆ. ನಿಮ್ಮ ಸರ್ವರ್ ಉತ್ತರ ಕೊಡುತ್ತಿಲ್ಲವಂತೆ."

ಕರಾರು ಹೋಯಿತು ಎಂದುಕೊಂಡೆ. ಶೈಲಜಾ ಮುಖ ಕೆಳಗೆ ಹಾಕಿದಳು. ಅವಳ ಮನೆಯ ಸಾಲದ ಕಂತು ಈ ಸಂಬಳದಿಂದಲೇ ಹೋಗುತ್ತದೆಂಬುದು ನನಗೆ ಗೊತ್ತಿತ್ತು.

ನನ್ನ ಫೋನೂ ಹೊಡೆದುಕೊಂಡಿತು. ಭೀಮಸಮುದ್ರದ ಅಡಿಕೆ ವ್ಯಾಪಾರಿ. "ಏನಪ್ಪ ಸ್ವಾಮಣ್ಣ, ಬಿಲ್ಲು ಬರ್ತಿಲ್ಲ! ತೂಕಕ್ಕೆ ಜನ ನಿಂತವ್ರೆ! ಮಲಗಿದೀಯೇನು?" ಸತ್ಯವಾಗಿ, ಈಗಷ್ಟೇ ಎದ್ದು ಬಂದಿದ್ದೆ. ಆದರೆ ಹೇಳಲಿಲ್ಲ.

ಇನ್ನು ಉಳಿದ ನಾಲ್ಕು ಸರ್ವರ್‌ಗಳ ಗಿರಾಕಿಗಳು ಯಾವ ಗಳಿಗೆಯಲ್ಲಾದರೂ ಮೈಮೇಲೆ ಬೀಳುತ್ತಾರೆ ಎಂದು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕೂತೆ. ಫೋನ್ ಅಲುಗಿತು. ಜಿಗಿದೆ. ಹೊಸದುರ್ಗದಿಂದ ನನ್ನ ಅತ್ತೆ. ತೆಂಗಿನಕಾಯಿ ಕಳಿಸಿದ್ದೇನೆ, ಬಸ್ಸಿನಿಂದ ಇಳಿಸಿಕೊಳ್ಳಿ ಎಂದು. ಆಮೇಲೆ ಫೋನ್ ಸುಮ್ಮನಾಯಿತು. ನಾವು ಕಾದೆವು. ಮೇಡಂ ಬಜ್ಜಿ ಮುಗಿಸಿದರು. ಹೋತ ಮೀಟರ್ ಪೆಟ್ಟಿಗೆ ಬಿಟ್ಟು ಕದಲಲಿಲ್ಲ. ಮತ್ತೂ ಕಾದೆವು.

ಕೊನೆಗೆ ಜುಂಜಣ್ಣ ಬಂದ. ಹಿತ್ತಲಿಗೆ ಕಾಲಿಟ್ಟು ನಾಲಿಗೆಯಲ್ಲಿ ಟ್ರುರ್ ಎಂದ ಅಷ್ಟೇ. ನನ್ನನ್ನು ಕೆಡವಿದ ಹೋತ, ಹಸೆಗೆ ಕರೆದ ಮದುವಣಿಗನಂತೆ ತಲೆ ತಗ್ಗಿಸಿ ಅವನ ಹಿಂದೆ ಹೋಯಿತು. ಶೈಲಜಾ ಓಡಿಹೋಗಿ ಮೇನ್ ಹಾಕಿದಳು. ನಾನು ಸರ್ವರ್ ಕೋಣೆಗೆ ನುಗ್ಗಿ, "ಆರೂ ಹಾಕಮ್ಮ, ಬೇಗ!" ಎಂದೆ.

ಅವಳು ಎರಡನ್ನು ಮಾತ್ರ ಹಾಕಿದಳು. ಕೈಕಟ್ಟಿ ನಿಂತಳು.

ಮೇಡಂ ಫೋನಿನಲ್ಲಿ ವಿಚಾರಿಸಿದರು. "ಲಾರಿಗಳು ಹೊರಟವಂತೆ." ಭೀಮಸಮುದ್ರದಿಂದಲೂ ಬಿಲ್ಲು ಬಂತೆಂಬ ಸುದ್ದಿ ಬಂತು. ಮೇಡಂ ಉಳಿದ ನಾಲ್ಕರತ್ತ ಬೆರಳು ತೋರಿಸಿದರು. "ಇವು?"

ನಾನು ಬಾಯಿ ತೆರೆದೆ. ಶೈಲಜಾ ನನಗಿಂತ ಮೊದಲು ಹೇಳಿದಳು. "ಇವು ನಿಂತು ಒಂದು ಗಂಟೆ ಆತು ಮೇಡಂ. ಯಾರೂ ಕೇಳ್ಲಿಲ್ಲ."

"ಯಾರೂ ಕೇಳದಿದ್ದರೆ ಇಷ್ಟು ದಿನ ಯಾಕೆ ಓಡುತ್ತಿದ್ದವು?"

ಎಲ್ಲರೂ ನನ್ನನ್ನು ನೋಡಿದರು. ಗೊಬ್ಬರ ಮೆತ್ತಿದ ಅಂಗಿಯಲ್ಲಿ ನಿಂತು, ದೊಡ್ಡ ಸಂಸ್ಥೆಯ ಅಧಿಕಾರಿಗೆ ನಾನು ಕೊಟ್ಟ ಉತ್ತರ ಹೀಗಿತ್ತು: "ಕೊಸರಿಗೆ ಬಂದಿದ್ದವು ಮೇಡಂ."

ಅವರು ಮೊದಲ ಸಲ ನಕ್ಕರು. ಆಮೇಲೆ ನನ್ನನ್ನು ಬಿಟ್ಟು ಶೈಲಜಾಳ ಪಕ್ಕದಲ್ಲಿ ಕೂತರು. ಇಬ್ಬರೂ ಮಾತಾಡಿದ್ದು ಸೋಲಾರಿನ ಬಗ್ಗೆಯಲ್ಲ, ತುಳಸಿಯ ಬಗ್ಗೆಯೂ ಅಲ್ಲ. ಯಾವ ಕೆಲಸಕ್ಕೆ ಎಷ್ಟು ಯಂತ್ರ ಬೇಕು, ಒಂದು ಚೀಲ ತೂಗಲು ಎಷ್ಟು ಲೆಕ್ಕ ಓದಿದರೆ ಸಾಕು, ಹಳೆಯ ಕಂಪ್ಯೂಟರುಗಳನ್ನು ಎಸೆಯುವ ಮೊದಲು ಇನ್ನೆಷ್ಟು ವರ್ಷ ದುಡಿಸಬಹುದು ಎಂಬುದರ ಬಗ್ಗೆ. ಹೆಚ್ಚು ಕಡಿಮೆ, ಮೇಲ್ ಬಂದ ದಿನ ಅವಳು ನನ್ನ ಮುಂದೆ ಹೇಳಿದ್ದೇ. ಆಗ ನಾನು ಅನುಭವಸ್ಥನ ನಗೆ ನಕ್ಕಿದ್ದೆ.

ಕರಾರು ಉಳಿಯಿತು. ಪೂರ್ತಿಯಲ್ಲ, ಸದ್ಯಕ್ಕೆ ಆರು ತಿಂಗಳಿಗೆ. ಷರತ್ತುಗಳು ಎರಡು. ಆ ನಾಲ್ಕು ಸರ್ವರ್ ಮತ್ತೆ ಚಾಲೂ ಆಗಕೂಡದು. ಮತ್ತು ಈ ವಿಷಯದಲ್ಲಿ ಇನ್ನು ಮುಂದೆ ಅವರು ಶೈಲಜಾಳ ಜೊತೆ ಮಾತ್ರ ಮಾತಾಡುತ್ತಾರೆ. ಮಾಲೀಕರ ಜೊತೆ ಬೇಡವಂತೆ.

ಅಂದು ಯಾರನ್ನೂ ಮನೆಗೆ ಕಳಿಸಬೇಕಾಗಲಿಲ್ಲ, ನನ್ನೊಬ್ಬನನ್ನು ಬಿಟ್ಟು. ವಾಸನೆ ತಡೆಯಲಾರದೆ ನಾಗರತ್ನ ಸ್ನಾನಕ್ಕೆ ಕಳಿಸಿದಳು.

ನಾನು ಮನೆಗೆ ಹೊರಡುವಾಗ ಜುಂಜಣ್ಣ ಗೇಟಿನ ಬಳಿ ಕಾಯುತ್ತಿದ್ದ. "ಮೇಕೆ ಟೇಪು ತಿಂದೈತೆ ಸ್ವಾಮಣ್ಣ. ಹೊಟ್ಟೆ ಕೆಟ್ರೆ ದನದ ಡಾಕ್ಟ್ರು ಖರ್ಚು ನಿಮ್ದೇ."

"ಆಗ್ಲಿ ಕಣಪ್ಪ." ಚೌಕಾಸಿಗೆ ನನ್ನಲ್ಲಿ ಉಸಿರಿರಲಿಲ್ಲ. "ಬೇಕಾದ್ರೆ ಒಳಗೆ ನಾಕು ಸರ್ವರ್ ಅವೆ, ಅವನ್ನೂ ತಗಂಡೋಗು."

ಅವನು ಕಿಟಕಿಯಿಂದ ಇಣುಕಿ ನೋಡಿದ. "ಏನು ತಿಂತವೆ ಇವು?"

"ಕರೆಂಟು."

"ಹಾಲು?"

"ಇಲ್ಲ."

"ಮರಿ?"

"ಹಾಕಲ್ಲ."

"ಬರೀ ತಿಂದು ಗೊರಕೆ ಹೊಡೆಯೋವನ್ನ ನೀವ್ ಕಟ್ಕೊಂಡು, ನನ್ ಮೇಕೆನ ಬೈತೀರಾ?" ಎಂದು ಅವನು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ.

ಭಾನುವಾರ ನಾಗರತ್ನನ ಜೊತೆ ಸಂತೆಗೆ ಹೋದೆ. ಸೊಪ್ಪಿನ ಅಜ್ಜಿ ನನ್ನನ್ನು ಕಂಡದ್ದೇ, ಕೇಳುವ ಮೊದಲೇ ಇರಲಿ ಎಂದು, ಮೆಂತ್ಯ ಕಟ್ಟಿನ ಮೇಲೆ ಒಂದು ಹಿಡಿ ಕರಿಬೇವು ಎತ್ತಿ ಹಿಡಿದಳು. ನಾನು ಚೀಲದ ಬಾಯಿ ಮುಚ್ಚಿದೆ.

"ಬೇಡಮ್ಮ. ಕೊಸರು ಬೇಡ."

ಅಜ್ಜಿ ಎತ್ತಿದ ಕೈ ಇಳಿಸದೆ ನಾಗರತ್ನನನ್ನು ನೋಡಿದಳು. "ಯಾಕವ್ವ, ಸ್ವಾಮಣ್ಣನ ಮೈಯಾಗೆ ಹುಷಾರಿಲ್ವಾ?"

"ಹುಷಾರಾಗವ್ರೆ ಕಣಜ್ಜಿ, ಈಗಷ್ಟೇ ಆಗವ್ರೆ" ಎಂದಳು ನನ್ನ ಹೆಂಡತಿ. ಸೆರಗು ಒಡ್ಡಿದಳು. "ಅವರದ್ದನ್ನೂ ನಂಗೇ ಹಾಕು. ಮೇಲೆ ಎರಡು ನಿಂಬೆಹಣ್ಣು ಕೊಡು."